ನಟ್ಟು-ಬೋಲ್ಟು: ಸ್ವಿಚ್ ಆರಿಸಿದ ಮೇಲೆ



ಈ ಅಂಕಣದಲ್ಲಿ ನನ್ನ ಹೊಟ್ಟೆಪಾಡಿನ ಕಸುಬಿನ ಸುದ್ದಿಯನ್ನು ನಾನು ಸಾಮಾನ್ಯವಾಗಿ ಎತ್ತುವುದಿಲ್ಲ. ಹೋಳಿಗೆ, ಹಣತೆಗಳ ನಡುವೆ ಹೈಡ್ರಾಲಿಕ್ ಎಣ್ಣೆಯ ವಾಸನೆ ಯಾಕೆ ಎಂಬ ಸಂಕೋಚ. ಈ ಸಲ ಎತ್ತಲೇಬೇಕಾಗಿದೆ. ಸಂಘದ ಪಿಕ್ನಿಕ್ಕಿನಲ್ಲಿ, ಚಿತ್ರಾನ್ನದ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತ ಮಿತ್ರರೊಬ್ಬರು ಒಂದು ಪ್ರಶ್ನೆ ಕೇಳಿದರು.

"ಅಲ್ರೀ, ನಮ್ಮನೆ ಮೇಲೆ ಈಗ ಹನ್ನೆರಡು ಸೋಲಾರ್ ಪ್ಯಾನೆಲ್ ಇದೆ. ಅದೇ ಥರದ್ದು ಇನ್ನೂ ಮೂರು ಅಗ್ಗಕ್ಕೆ ಸಿಕ್ತು, ತಂದು ಗ್ಯಾರೇಜಲ್ಲಿ ಇಟ್ಟಿದ್ದೀನಿ. ಪ್ಲಗ್ಗಿಗೆ ಪ್ಲಗ್ಗು ಚುಚ್ಚೋದು ತಾನೆ? ಮುಂದಿನ ಭಾನುವಾರ ಮೇನ್ ಸ್ವಿಚ್ ಆಫ್ ಮಾಡ್ಕೊಂಡು ಮೇಲೆ ಹತ್ತಿ ಸೇರಿಸಿಬಿಡ್ತೀನಿ. ಏನಾಗತ್ತೆ?"

ಮಿತ್ರರು ದಡ್ಡರಲ್ಲ. ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಮನೆಯ ಬೇಲಿ, ನಲ್ಲಿ, ಬಾಗಿಲು ಎಲ್ಲವನ್ನೂ ತಾವೇ ರಿಪೇರಿ ಮಾಡಿಕೊಳ್ಳುವ ಕೈಗುಣವೂ ಇದೆ. ಅವರ ಲೆಕ್ಕದಲ್ಲಿ ತಪ್ಪಿದ್ದದ್ದು ಒಂದೇ ಪದ: "ಆಫ್". ಈ ಪದದ ವಿಷಯವಾಗಿ ಹೈಡ್ರಾಲಿಕ್ಸಿನವರಿಗೆ ಇರುವಷ್ಟು ಅನುಮಾನ ಬೇರೆ ಯಾರಿಗೂ ಇರಲಾರದು. ಹಾಗಾಗಿ ಸೋಲಾರಿಗೆ ಬರುವ ಮುಂಚೆ ಸ್ವಲ್ಪ ಎಣ್ಣೆಯ ಕಡೆಗೆ ಹೋಗಿ ಬರೋಣ.

ನಮ್ಮೂರಿನಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರ ಯಾವ ಕಂಪನಿಯದಾದರೂ ಸರಿ, ಅದು "ಜೆಸಿಬಿ". ಅದರ ತೋಳನ್ನು ಎತ್ತುವ, ಬಗ್ಗಿಸುವ, ಮಿನುಗುವ ಉಕ್ಕಿನ ದಂಡಗಳನ್ನು ಎಲ್ಲರೂ ನೋಡಿರುತ್ತೀರಿ. ಅವೇ ಹೈಡ್ರಾಲಿಕ್ ಸಿಲಿಂಡರುಗಳು. ಹಿಂದಿರುವ ತತ್ವ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್‌ನದು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಎಲ್ಲಿ ಒತ್ತಿದರೂ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಆತ ಬರೆದದ್ದು ಆತ ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಯಿತು. ಅದನ್ನು ಕೆಲಸಕ್ಕೆ ಹಚ್ಚಲು ಇನ್ನೂ ನೂರಮೂವತ್ತು ವರ್ಷ ಬೇಕಾಯಿತು. 1795ರಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ಎಂಬಾತ ನೀರಿನಿಂದ ನಡೆಯುವ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಈಗ ನೀರಿನ ಜಾಗಕ್ಕೆ ಎಣ್ಣೆ ಬಂದಿದೆ, ಕೈಪಂಪಿನ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಣದ ಪಂಪು ಬಂದಿದೆ, ತತ್ವ ಮಾತ್ರ ಅದೇ.

ಒತ್ತಡದ ಅಂದಾಜು ಸಿಗಲೆಂದು ಒಂದು ಲೆಕ್ಕ. ನಿಮ್ಮ ಕಾರಿನ ಟಯರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್. ಒಂದು ಬಾರ್ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಭಾರ. ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳಲ್ಲಿ ಓಡಾಡುವ ಎಕ್ಸ್‌ಕವೇಟರುಗಳಲ್ಲಿ 300ರಿಂದ 350 ಬಾರ್ ಸಾಮಾನ್ಯ. ಕೇವಲ 100 ಮಿಲಿಮೀಟರ್ ಅಗಲದ, ಅಂದರೆ ಊಟದ ಜೊತೆ ಕೊಡುವ ಸಣ್ಣ ಬಟ್ಟಲಿನಷ್ಟು ಅಗಲದ ಸಿಲಿಂಡರಿಗೆ 250 ಬಾರ್ ಒತ್ತಡ ಕೊಟ್ಟರೆ ಅದು ಸುಮಾರು 20 ಟನ್ ಎತ್ತುತ್ತದೆ. ನಾಲ್ಕೈದು ಆನೆಗಳನ್ನು ಒಂದು ಬಟ್ಟಲಿನ ಮೇಲೆ ನಿಲ್ಲಿಸಿದ ಹಾಗೆ.

ನಮ್ಮ ವರ್ಕ್‌ಶಾಪಿಗೆ ಬರುವ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತೊಂದಿದೆ: ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಮಾತ್ರ ಕೊಡುತ್ತದೆ. ಗೇರ್ ಪಂಪು ಒಂದು ಸುತ್ತು ತಿರುಗಿದರೆ ಇಂತಿಷ್ಟು ಎಣ್ಣೆ ಹೊರಬರಲೇಬೇಕು. ಆ ಎಣ್ಣೆಗೆ ದಾರಿ ಸಲೀಸಾಗಿದ್ದರೆ ಒತ್ತಡ ಏರುವುದೇ ಇಲ್ಲ. ಎದುರಿಗೆ ಭಾರ ಬಂದಾಗ ಏರುತ್ತದೆ. ಭಾರ ಅತಿಯಾದರೆ ಪೈಪು ಒಡೆಯದಿರಲೆಂದು ರಿಲೀಫ್ ವಾಲ್ವ್ ತೆರೆದುಕೊಂಡು ಎಣ್ಣೆ ಟ್ಯಾಂಕಿಗೆ ವಾಪಸು ಹೋಗುತ್ತದೆ. ಈ ಮೂರು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಸೋಲಾರ್ ಪ್ಯಾನೆಲ್ ಎಂಬುದು ಹೆಚ್ಚುಕಮ್ಮಿ ಇದೇ ಜಾತಿಯ ಪ್ರಾಣಿ.

ಈಗ "ಆಫ್" ವಿಷಯ. ಎಕ್ಸ್‌ಕವೇಟರಿನ ಇಂಜಿನ್ನನ್ನು ಆರಿಸಿದಿರಿ ಅನ್ನಿ. ಪಂಪು ನಿಂತಿತು, ಸದ್ದು ಅಡಗಿತು. ಆದರೆ ಎತ್ತಿ ಹಿಡಿದ ತೋಳಿನ ಭಾರವೆಲ್ಲ ಸಿಲಿಂಡರಿನೊಳಗಿನ ಎಣ್ಣೆಯ ಮೇಲೆ ಹಾಗೇ ಕುಳಿತಿರುತ್ತದೆ. ಅದಲ್ಲದೆ ಅಕ್ಯುಮುಲೇಟರ್ ಎಂಬ ಉಕ್ಕಿನ ಸೀಸೆಯೊಂದು ಹಲವು ಯಂತ್ರಗಳಲ್ಲಿ ಇರುತ್ತದೆ. ಅದರೊಳಗೆ ರಬ್ಬರ್ ಚೀಲ, ಚೀಲದಲ್ಲಿ ನೈಟ್ರೋಜನ್ ಅನಿಲ. ಎಣ್ಣೆ ಒತ್ತಿದಾಗ ಅನಿಲ ಕುಗ್ಗಿ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಬ್ರಿಜ್ಜನ್ನು ಎತ್ತುತ್ತಿದ್ದದ್ದೂ ಹೀಗೆ ಕೂಡಿಟ್ಟ ಒತ್ತಡವೇ. ಅಲ್ಲಿ ಅನಿಲದ ಬದಲು ಭಾರವಾದ ತೂಕಗಳಿದ್ದವು. ಹಬೆಯಂತ್ರ ನಿಧಾನವಾಗಿ ತುಂಬಿಟ್ಟ ಒತ್ತಡವನ್ನು ಹಡಗು ಬಂದಾಗ ಒಮ್ಮೆಗೇ ಬಿಡುತ್ತಿದ್ದರು. ಅನುಕೂಲ ಎಷ್ಟೋ ಅಪಾಯವೂ ಅಷ್ಟೇ. ಇಂಜಿನ್ ನಿಂತು ಎಷ್ಟೋ ಹೊತ್ತಾದ ಮೇಲೂ ಅದರೊಳಗಿನ ಒತ್ತಡ ಇಳಿದಿರುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕೀಲಿ ತಿರುಗಿಸಿದರೆ ಕೆಲಸ ಮುಗಿಯುವುದಿಲ್ಲ. ತೋಳನ್ನು ನೆಲಕ್ಕೆ ಇಳಿಸಬೇಕು. ಲಿವರುಗಳನ್ನು ಅತ್ತಿತ್ತ ಆಡಿಸಿ ಉಳಿದ ಒತ್ತಡ ಬಿಡಬೇಕು. ಅಕ್ಯುಮುಲೇಟರನ್ನು ಖಾಲಿ ಮಾಡಬೇಕು. ಗೇಜಿನಲ್ಲಿ ಸೊನ್ನೆ ನೋಡಬೇಕು. ಮುಖ್ಯ ಸ್ವಿಚ್ಚಿಗೆ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಐದು ಜನ ಕೆಲಸ ಮಾಡುತ್ತಿದ್ದರೆ ಐದು ಬೀಗ. ಊರಿನಿಂದ ಬಂದ ಹೊಸತರಲ್ಲಿ ನನಗೆ ಇದು ಮಡಿ-ಮೈಲಿಗೆಯ ಶಾಸ್ತ್ರದಂತೆ ಕಂಡಿತ್ತು. ಸೂಜಿತೂತಿನ ಗಾಯವನ್ನು ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ಸೂಜಿತೂತು ಎಂದರೆ ಹೋಸ್ ಪೈಪಿನಲ್ಲಿ ಬೀಳುವ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ. ಎಣ್ಣೆ ಎಲ್ಲಿಂದ ಒಸರುತ್ತಿದೆ ಎಂದು ನಮ್ಮ ಜೊತೆಯ ಫಿಟ್ಟರ್ ಒಬ್ಬ ಕೈಗವಸು ಹಾಕಿದ ಬೆರಳನ್ನು ಪೈಪಿನುದ್ದಕ್ಕೂ ಸವರಿದ. ಇರುವೆ ಕಚ್ಚಿದಂತಾಯಿತು ಅಂದ. ಬೆರಳ ತುದಿಯಲ್ಲಿ ಒಂದು ಚುಕ್ಕೆ, ರಕ್ತ ಕೂಡ ಬರಲಿಲ್ಲ. ಪುಣ್ಯಕ್ಕೆ ನಮ್ಮ ಮೇಲ್ವಿಚಾರಕ ಅನುಭವಸ್ಥ. "ನೋವಿಲ್ಲ" ಎಂದು ಅವನು ಎಷ್ಟೇ ಹೇಳಿದರೂ ಕೇಳದೆ ಕೂಡಲೇ ಆಸ್ಪತ್ರೆಗೆ ಸಾಗಿಸಿದ. ಅಂಥ ಒತ್ತಡದಲ್ಲಿ ಎಣ್ಣೆ ಚರ್ಮದೊಳಗೆ ನುಗ್ಗಿ ಸ್ನಾಯುಗಳ ನಡುವೆ ಹರಡಿರುತ್ತದೆ. ಕೆಲವೇ ಗಂಟೆಗಳಲ್ಲಿ ಕೊಯ್ದು ತೊಳೆಯದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ಅವನ ಬೆರಳು ಉಳಿಯಿತು, ಮೂರು ಶಸ್ತ್ರಚಿಕಿತ್ಸೆ ಆದ ಮೇಲೆ. ಒಸರುವ ಜಾಗ ಹುಡುಕಲು ನಾವು ಬಳಸುವುದು ಉದ್ದನೆಯ ರಟ್ಟಿನ ತುಂಡು, ಕೈ ಅಲ್ಲ. ಊರಿನಲ್ಲಿ ಟ್ರಾಕ್ಟರ್, ಟಿಪ್ಪರ್ ಇಟ್ಟುಕೊಂಡಿರುವ ನೆಂಟರಿಗೂ ಈ ಮಾತನ್ನು ದಯವಿಟ್ಟು ಮುಟ್ಟಿಸಿ. ಅವುಗಳ ಹೈಡ್ರಾಲಿಕ್ಸೂ ಇದೇ ಸ್ವಭಾವದ್ದು.

ಈಗ ಮಿತ್ರರ ಮನೆಯ ಮಾಡಿಗೆ ಏಣಿ ಹಾಕೋಣ.

ಪ್ಯಾನೆಲ್ಲನ್ನು ಒಂದು ಗೇರ್ ಪಂಪು ಎಂದುಕೊಳ್ಳಿ. ಬಿಸಿಲು ಅದನ್ನು ತಿರುಗಿಸುವ ಇಂಜಿನ್. ಕರೆಂಟು, ಅಂದರೆ ಆಂಪಿಯರ್, ಎಣ್ಣೆಯ ಹರಿವು. ವೋಲ್ಟೇಜು ಒತ್ತಡ. ಈಗ ಮನೆಗಳಿಗೆ ಹಾಕುವ 440 ವಾಟ್ ಆಸುಪಾಸಿನ ಪ್ಯಾನೆಲ್ ಒಂದರ ಹಿಂದಿನ ಚೀಟಿ ಓದಿದರೆ ಸಾಮಾನ್ಯವಾಗಿ ಎರಡು ಜೊತೆ ಅಂಕಿಗಳು ಕಾಣುತ್ತವೆ. ಕೆಲಸ ಮಾಡುವಾಗ ಸುಮಾರು 33 ವೋಲ್ಟ್, 13 ಆಂಪಿಯರ್ ಚಿಲ್ಲರೆ. ಯಾವುದಕ್ಕೂ ಜೋಡಿಸದೆ ಬಿಟ್ಟರೆ ಸುಮಾರು 39 ವೋಲ್ಟ್. ಎರಡು ತಂತಿಗಳನ್ನೂ ನೇರ ಸೇರಿಸಿ ಶಾರ್ಟ್ ಮಾಡಿದರೆ ಸುಮಾರು 14 ಆಂಪಿಯರ್.

ಈ ಕೊನೆಯ ಅಂಕಿಯ ಮೇಲೆ ಸ್ವಲ್ಪ ನಿಲ್ಲಿ. ಮನೆಯ ಪ್ಲಗ್ಗಿನಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗುತ್ತದೆ, ಎಂಸಿಬಿ ಟಪ್ಪೆಂದು ಬೀಳುತ್ತದೆ, ನಾವು ಬಚಾವು. ಚಿಕ್ಕಂದಿನಲ್ಲಿ ಊರಿನ ಮನೆಗಳಲ್ಲಿ ಫ್ಯೂಸು ಹೋದಾಗ ತಂತಿ ಕಟ್ಟಿದವರಿಗೆಲ್ಲ ಇದು ಗೊತ್ತು. ಪ್ಯಾನೆಲ್ ಹಾಗಲ್ಲ. ಪಂಪಿನ ಬಾಯಿಯನ್ನು ಪೂರ್ತಿ ತೆರೆದಿಟ್ಟರೂ ಹರಿವು ಹೆಚ್ಚಾಗದ ಹಾಗೆ, ಅದನ್ನು ಶಾರ್ಟ್ ಮಾಡಿದರೂ 13ರ ಜಾಗದಲ್ಲಿ 14 ಬರುತ್ತದೆ, ಅಷ್ಟೇ. ಆ ಒಂದು ಆಂಪಿಯರಿನ ವ್ಯತ್ಯಾಸಕ್ಕೆ ಯಾವ ಫ್ಯೂಸೂ ಕರಗುವುದಿಲ್ಲ. ಏನೋ ತಪ್ಪಾಗಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ತಂತಿ ಸುಮ್ಮನೆ ಕಾಯುತ್ತಾ, ಕಿಡಿ ಕಾರುತ್ತಾ ಇರುತ್ತದೆ.

ಇನ್ನೊಂದು ವಿಚಿತ್ರವೆಂದರೆ ಮೋಡ. ಬಿಸಿಲು ಹತ್ತನೇ ಒಂದು ಪಾಲಿಗೆ ಇಳಿದರೆ ಹರಿವೂ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಒತ್ತಡ ಇಳಿಯುವುದಿಲ್ಲ. ಜೋಡಿಸದೆ ಬಿಟ್ಟ ಪ್ಯಾನೆಲ್ಲಿನ ವೋಲ್ಟೇಜು ಆಗಲೂ ಶೇಕಡ 90ರ ಹತ್ತಿರವೇ ನಿಲ್ಲುತ್ತದೆ. "ಇವತ್ತು ಮೋಡ ಇದೆ, ಪ್ಯಾನೆಲ್ ಮುಟ್ಟಬಹುದು" ಎನ್ನುವುದು ಇಂಜಿನ್ ನಿಧಾನವಾಗಿ ತಿರುಗುತ್ತಿದೆ, ಪೈಪು ಬಿಚ್ಚಬಹುದು ಎಂದ ಹಾಗೆ.

ಇನ್ನು ಜೋಡಣೆ. ಅದಕ್ಕೆ ಇಂಗ್ಲಿಷ್ ಪುಸ್ತಕ ಬೇಡ, ನಮ್ಮ ಕೋಲಾರ, ತುಮಕೂರು, ಚಿತ್ರದುರ್ಗದ ರೈತರನ್ನು ಕೇಳಿದರೆ ಸಾಕು. ಕೊಳವೆಬಾವಿಗೆ ಸಬ್‌ಮರ್ಸಿಬಲ್ ಪಂಪು ಇಳಿಸುವಾಗ ಅವರು "ಎಷ್ಟು ಸ್ಟೇಜು?" ಎಂದು ಕೇಳುತ್ತಾರೆ. ನೀರು ಆಳಕ್ಕೆ ಹೋದಷ್ಟೂ ಸ್ಟೇಜು ಹೆಚ್ಚಬೇಕು. ಮೊದಲ ಸ್ಟೇಜು ಎತ್ತಿದ ನೀರನ್ನು ಎರಡನೆಯದು ಇನ್ನಷ್ಟು ಎತ್ತುತ್ತದೆ, ಅದನ್ನು ಮೂರನೆಯದು. ನೀರಿನ ಪ್ರಮಾಣ ಅಷ್ಟೇ, ಒತ್ತಡ ಮಾತ್ರ ಒಂದಕ್ಕೊಂದು ಕೂಡುತ್ತಾ ಹೋಗುತ್ತದೆ. ಪ್ಯಾನೆಲ್ಲುಗಳ ಸೀರೀಸ್ ಜೋಡಣೆ ಎಂದರೆ ಇದೇ. ಒಂದರ ಪ್ಲಸ್ಸನ್ನು ಮುಂದಿನದರ ಮೈನಸ್ಸಿಗೆ, ಹೂವಿನ ಮಾಲೆಯಂತೆ. ಹನ್ನೆರಡು ಪ್ಯಾನೆಲ್ ಪೋಣಿಸಿದರೆ ಕರೆಂಟು ಅದೇ 13 ಆಂಪಿಯರ್, ವೋಲ್ಟೇಜು ಹನ್ನೆರಡು ಪಟ್ಟು. ಈ ಮಾಲೆಗೆ ಸ್ಟ್ರಿಂಗ್ ಎಂದು ಹೆಸರು. ಅದೇ ಎರಡು ಬೋರ್‌ವೆಲ್ಲುಗಳ ನೀರನ್ನು ಒಂದೇ ತೊಟ್ಟಿಗೆ ಬಿಟ್ಟರೆ ನೀರು ಎರಡರಷ್ಟು, ಒತ್ತಡ ಹೆಚ್ಚುವುದಿಲ್ಲ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸುವ ಪ್ಯಾರಲಲ್ ಜೋಡಣೆ ಅದು. ಮೂರು ಅಥವಾ ಹೆಚ್ಚು ಸ್ಟ್ರಿಂಗುಗಳನ್ನು ಹೀಗೆ ಸೇರಿಸಿದಾಗ ಪ್ರತಿ ಸ್ಟ್ರಿಂಗಿಗೂ ಫ್ಯೂಸಿನ ಅಗತ್ಯ ಬರುತ್ತದೆ. ಒಂದು ಕೆಟ್ಟರೆ ಉಳಿದ ಎರಡೂ ಸೇರಿ ತಮ್ಮ ಕರೆಂಟನ್ನು ಅದರೊಳಗೆ ಹಿಂದುಮುಂದಾಗಿ ತಳ್ಳುತ್ತವೆ. ಕೊಳವೆಬಾವಿಯ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕುವುದು ಯಾಕೆಂದು ಬಲ್ಲವರಿಗೆ ಇದು ಥಟ್ಟನೆ ಹೊಳೆಯುತ್ತದೆ.

ಮಿತ್ರರ ಹನ್ನೆರಡು ಪ್ಯಾನೆಲ್ ಒಂದೇ ಸ್ಟ್ರಿಂಗಿನಲ್ಲಿದ್ದವು. ಇನ್ವರ್ಟರಿನ ಮೇಲೆ ಬರೆದಿದ್ದ ಗರಿಷ್ಠ ಮಿತಿ 600 ವೋಲ್ಟ್. ಅವರೂ ಲೆಕ್ಕ ಹಾಕಿದ್ದರು: 15ನ್ನು 39ರಿಂದ ಗುಣಿಸಿದರೆ 585. ಮಿತಿಯೊಳಗೇ ಇದೆಯಲ್ಲ?

ಇಲ್ಲ. ಚೀಟಿಯ ಮೇಲಿನ 39 ವೋಲ್ಟ್ ಪ್ರಯೋಗಾಲಯದಲ್ಲಿ, ಪ್ಯಾನೆಲ್ಲಿನ ಬಿಲ್ಲೆಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಅಳೆದದ್ದು. ಪ್ಯಾನೆಲ್ಲಿಗೆ ಚಳಿ ಎಂದರೆ ಬಲು ಇಷ್ಟ. ಒಂದೊಂದು ಡಿಗ್ರಿ ತಣ್ಣಗಾದಂತೆಲ್ಲ ವೋಲ್ಟೇಜು ಶೇಕಡ ಕಾಲು ಭಾಗಕ್ಕಿಂತ ತುಸು ಹೆಚ್ಚು, ಸುಮಾರು 0.26ರಷ್ಟು ಏರುತ್ತದೆ. ಸೊನ್ನೆ ಡಿಗ್ರಿಯ ಮುಂಜಾನೆ, ಮಂಜು ಸರಿದು ಸೂರ್ಯ ಇಣುಕುವ ಆ ಹೊತ್ತಿಗೆ ಅದೇ ಹದಿನೈದು ಪ್ಯಾನೆಲ್ಲುಗಳ ವೋಲ್ಟೇಜು ಸುಮಾರು 623. ಇನ್ವರ್ಟರ್ ಇನ್ನೂ ಕರೆಂಟು ಎಳೆಯಲು ಶುರು ಮಾಡಿರುವುದಿಲ್ಲ, ಹಾಗಾಗಿ ಪೂರ್ತಿ ಒತ್ತಡ ಅದರ ಮೇಲೇ. ಹದಿನಾಲ್ಕಾಗಿದ್ದರೆ 581, ಬಚಾವು. ಒಂದೇ ಒಂದು ಪ್ಯಾನೆಲ್ಲಿನ ವ್ಯತ್ಯಾಸ. ಭಾನುವಾರ ಮಧ್ಯಾಹ್ನ ಜೋಡಿಸಿದಾಗ ಎಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಬಿಸಿಲಿಗೆ ಕಾದ ಪ್ಯಾನೆಲ್ 60-65 ಡಿಗ್ರಿ ಮುಟ್ಟಿದಾಗ ವೋಲ್ಟೇಜು ಹತ್ತನೇ ಒಂದು ಪಾಲು ಇಳಿದಿರುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆದು, ಯಾವುದೋ ಜುಲೈ ಬೆಳಗ್ಗೆ ಇನ್ವರ್ಟರ್ ಸುಟ್ಟುಹೋಗುತ್ತಿತ್ತು. ಪರ್ತ್‌ನಲ್ಲಿ ಅಷ್ಟು ಚಳಿ ಅಪರೂಪ ಎನ್ನಬಹುದು, ಆದರೆ ಮೀಸಲು ಇಟ್ಟುಕೊಳ್ಳಬೇಕಾದದ್ದು ಅಪರೂಪದ ದಿನಕ್ಕಾಗಿಯೇ. ಕ್ಯಾನ್‌ಬೆರಾದ ಬಂಧುಗಳಿಗಂತೂ ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿನ ಬೆಳಗು ಮಾಮೂಲು.

ಸರಿ, ಹಣದ ನಷ್ಟ ಹಾಗಿರಲಿ. ಜೀವದ ಮಾತು ಬೇರೆ ಇದೆ. "ಮೇನ್ ಸ್ವಿಚ್ ಆಫ್ ಮಾಡ್ಕೊಂಡು" ಅಂದರಲ್ಲ? ಮೇನ್ ಸ್ವಿಚ್ ಆರಿಸಿದರೆ ಬೀದಿಯಿಂದ ಮನೆಗೆ ಬರುವ ವಿದ್ಯುತ್ತು ನಿಲ್ಲುತ್ತದೆ. ಇನ್ವರ್ಟರೂ ಸುಮ್ಮನಾಗುತ್ತದೆ. ಆದರೆ ಮಾಡಿನಿಂದ ಇನ್ವರ್ಟರಿನವರೆಗೆ ಬರುವ ತಂತಿಯಲ್ಲಿ ಸೂರ್ಯ ಮುಳುಗುವ ತನಕ ನಾಲ್ಕೈದು ನೂರು ವೋಲ್ಟ್ ನಿಂತೇ ಇರುತ್ತದೆ. ಮನೆಯ ಪ್ಲಗ್ಗಿನಲ್ಲಿರುವುದು 230. ಇಂಜಿನ್ ಆರಿದೆ, ತೋಳು ಮೇಲೇ ಇದೆ. ಸೂರ್ಯನಿಗೆ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಅದರ ಜೊತೆಗೆ ಇದು ಡಿ.ಸಿ. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ ಬಿಚ್ಚುವಾಗ ಕಿಡಿ ಹುಟ್ಟಿದರೂ ಆ ಸೊನ್ನೆಯ ಗಳಿಗೆಯಲ್ಲಿ ತಾನೇ ಆರುತ್ತದೆ. ಡಿ.ಸಿ.ಗೆ ಅಂಥ ಸೊನ್ನೆಯ ಗಳಿಗೆಯೇ ಇಲ್ಲ. ಹರಿಯುತ್ತಿರುವ ಕರೆಂಟನ್ನು ನಡುವೆ ಕಿತ್ತರೆ ಕಿಡಿ ದಾರದಂತೆ ಎಳೆದುಕೊಂಡು ಬಂದು, ವೆಲ್ಡಿಂಗ್ ಕಡ್ಡಿಯಂತೆ ಉರಿಯುತ್ತಾ ನಿಲ್ಲುತ್ತದೆ. ಹಾಗಾಗಿಯೇ ಎ.ಸಿ.ಗೆ ಮಾಡಿದ ಸ್ವಿಚ್ಚು, ಎಂಸಿಬಿಗಳನ್ನು ಈ ಕಡೆಗೆ ಬಳಸುವಂತಿಲ್ಲ. ಪ್ಯಾನೆಲ್ಲುಗಳ ಪ್ಲಗ್ಗುಗಳ ಮೇಲೆಯೇ "ಲೋಡ್ ಇದ್ದಾಗ ಬಿಚ್ಚಬೇಡಿ" ಎಂದು ಅಚ್ಚೊತ್ತಿರುತ್ತಾರೆ. ಆ ಪ್ಲಗ್ಗಿಗೆ ಎಂಸಿ4 ಎಂದು ಹೆಸರು, ಅದರ ಒಳಗಿನ ಕಡ್ಡಿ 4 ಮಿಲಿಮೀಟರ್ ದಪ್ಪ ಇರುವುದರಿಂದ. ಬೇರೆ ಬೇರೆ ಕಂಪನಿಗಳು ಅದೇ ಆಕಾರದ ಪ್ಲಗ್ಗು ಮಾಡುತ್ತವೆ. ಒಂದಕ್ಕೊಂದು ಚುಚ್ಚಿದರೆ ಕ್ಲಿಕ್ ಎಂದು ಕೂರುತ್ತದೆ ಕೂಡ. ಆದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಒಳಗಿನ ಸಂಪರ್ಕ ಸಡಿಲವಾಗಿ, ವರ್ಷಗಳ ಬಿಸಿಲು ಮಳೆಯಲ್ಲಿ ಕಾದು ಕಾದು ಕರಗುತ್ತದೆ. ಗಂಡು ಹೆಣ್ಣು ಎರಡೂ ಒಂದೇ ಕಂಪನಿಯ ಒಂದೇ ಮಾದರಿಯದಾಗಿರಬೇಕು ಎಂಬ ನಿಯಮ ಇದೆ. ಹೈಡ್ರಾಲಿಕ್ ಫಿಟ್ಟಿಂಗುಗಳಲ್ಲೂ ಹೀಗೆ, ಬೇರೆ ಮರೆಯ ನಟ್ಟು ಎರಡು ಸುತ್ತು ಚೆನ್ನಾಗಿಯೇ ತಿರುಗುತ್ತದೆ.

ಸುರಕ್ಷತೆಗೆಂದು ಹಾಕಿದ್ದೇ ಮುಳುವಾದ ಒಂದು ಕಥೆಯೂ ಈ ದೇಶದ್ದೇ. 2012ರ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಮಾನದಂಡ, ಪ್ರತಿ ಮನೆಯ ಮಾಡಿನ ಮೇಲೂ ಪ್ಯಾನೆಲ್ಲುಗಳ ಪಕ್ಕದಲ್ಲೇ ಒಂದು ಡಿ.ಸಿ. ಐಸೊಲೇಟರ್ ಸ್ವಿಚ್ ಇರಲೇಬೇಕು ಎಂದಿತು. ಉದ್ದೇಶ ಒಳ್ಳೆಯದೇ. ಬೆಂಕಿ ಬಿದ್ದಾಗ, ರಿಪೇರಿಯ ಸಮಯದಲ್ಲಿ ಮೇಲೆಯೇ ಕಡಿದುಹಾಕಬಹುದು. ಆದರೆ ಪ್ಲಾಸ್ಟಿಕ್ ಡಬ್ಬಿಯೊಂದು ಇಲ್ಲಿಯ ಬಿಸಿಲಿಗೆ ವರ್ಷಾನುಗಟ್ಟಲೆ ಮೈಯೊಡ್ಡಿದರೆ ಏನಾಗಬೇಕು? ಬಿರುಕು ಬಿಟ್ಟಿತು, ನೀರು ಇಳಿಯಿತು, ಒಳಗಿನ ಸ್ಕ್ರೂ ಸಡಿಲಾಯಿತು, ಕಿಡಿ ಹತ್ತಿತು. ಸೋಲಾರಿನಿಂದ ಹತ್ತಿಕೊಂಡ ಬೆಂಕಿಗಳಿಗೆ ಮುಖ್ಯ ಕಾರಣಗಳಲ್ಲಿ ಈ ಸ್ವಿಚ್ಚೇ ಒಂದಾಯಿತು. 2021ರ ಪರಿಷ್ಕರಣೆಯಲ್ಲಿ ಆ ಕಡ್ಡಾಯವನ್ನು ಸಡಿಲಿಸಿದರು. ಆದರೆ ನಡುವಿನ ವರ್ಷಗಳಲ್ಲಿ ಹಾಕಿದ ಡಬ್ಬಿಗಳಲ್ಲಿ ಎಷ್ಟೋ ಇನ್ನೂ ನಮ್ಮ ತಲೆಯ ಮೇಲೆಯೇ ಇವೆ. ಈ ದೇಶದಲ್ಲಿ ಈಗ 40 ಲಕ್ಷಕ್ಕೂ ಹೆಚ್ಚು ಮಾಡುಗಳ ಮೇಲೆ ಸೋಲಾರ್ ಇದೆ. ನಿಮ್ಮದು ಆ ಕಾಲದ್ದಾಗಿದ್ದು, ಒಮ್ಮೆಯೂ ಯಾರನ್ನೂ ಕರೆದು ತೋರಿಸಿಲ್ಲವಾದರೆ ಈ ದೀಪಾವಳಿಯ ಪಟಾಕಿ ಖರ್ಚಿನ ಜೊತೆಗೆ ಅದನ್ನೂ ಸೇರಿಸಿಕೊಳ್ಳಿ.

ಮಿತ್ರರಿಗೆ ಚಿತ್ರಾನ್ನ ಆರುವಷ್ಟು ಹೊತ್ತು ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಕತ್ತಲಾದ್ಮೇಲೆ ಹತ್ತಲಾ?" ಎಂದರು. ಕತ್ತಲಲ್ಲಿ ಇಳಿಜಾರು ಮಾಡು ಹತ್ತುವವರು ಕರೆಂಟಿನಿಂದ ಸಾಯುವುದಿಲ್ಲ, ಅದು ನಿಜ. ಇಲ್ಲಿ ಪರವಾನಗಿ ಇಲ್ಲದವರು ಮನೆಯ ಸ್ಥಿರ ವೈರಿಂಗ್ ಮುಟ್ಟುವುದೇ ಕಾನೂನಿಗೆ ವಿರುದ್ಧ, ಏನಾದರೂ ಆದರೆ ವಿಮೆಯವರೂ ಕೈ ಎತ್ತುತ್ತಾರೆ ಎಂದು ಅವರ ಶ್ರೀಮತಿಯವರು ನೆನಪಿಸಿದ ಮೇಲೆ ಮಾತು ಅಲ್ಲಿಗೆ ನಿಂತಿತು. ಆ ಮೂರು ಪ್ಯಾನೆಲ್ ಗ್ಯಾರೇಜಿನಲ್ಲೇ ಇವೆ, ಬೇಕಾದವರು ವಿಚಾರಿಸಬಹುದು.

ಹಾಗಾದರೆ ನಾವು ತಿಳಿದುಕೊಳ್ಳಬೇಕಾದದ್ದು ಏನೂ ಇಲ್ಲವೇ? ಇದೆ. ನಿಮ್ಮ ಮೀಟರ್ ಪೆಟ್ಟಿಗೆಯಲ್ಲೋ ಇನ್ವರ್ಟರಿನ ಪಕ್ಕದಲ್ಲೋ ಸೋಲಾರನ್ನು ನಿಲ್ಲಿಸುವ ಕ್ರಮದ ಫಲಕ ಇರುತ್ತದೆ. ಮನೆಯವರೆಲ್ಲ ಒಮ್ಮೆ ಅದನ್ನು ಓದಿ. ಸಾಮಾನ್ಯವಾಗಿ ಮೊದಲು ಸೋಲಾರಿನ ಎ.ಸಿ. ಸ್ವಿಚ್, ಆಮೇಲೆ ಡಿ.ಸಿ. ಸ್ವಿಚ್. ಮೊದಲನೆಯದು ಕರೆಂಟಿನ ಹರಿವನ್ನು ನಿಲ್ಲಿಸುತ್ತದೆ, ಹರಿವು ನಿಂತ ಮೇಲೆ ಎರಡನೆಯದನ್ನು ತಿರುಗಿಸಿದರೆ ಕಿಡಿಯ ಭಯ ಕಡಿಮೆ. ಇಷ್ಟು ಮಾಡಿದ ಮೇಲೂ ಮಾಡಿನ ತಂತಿ ಜೀವಂತ. ಬಿರುಗಾಳಿಗೆ ಪ್ಯಾನೆಲ್ ಒಡೆದಿದ್ದರೆ, ತಂತಿ ಜೋತು ಬಿದ್ದಿದ್ದರೆ ಮುಟ್ಟದೆ ದೂರ ನಿಂತು ಫೋನ್ ಮಾಡಿ. ಅಗ್ನಿಶಾಮಕದವರು ಬಂದರೆ "ಮೇಲೆ ಸೋಲಾರ್ ಇದೆ" ಎನ್ನುವುದು ನಿಮ್ಮ ಮೊದಲ ಮಾತಾಗಲಿ.

ಇನ್ನು ಊರಿನ ವಿಚಾರ. ಅಲ್ಲೂ ಈಗ ಸೋಲಾರಿನ ಸುಗ್ಗಿ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ 2019ರ ಕೊನೆಗೆ ಪೂರ್ತಿಯಾಯಿತು. ಮಳೆಯಿಲ್ಲದ ಊರು ಬಿಸಿಲನ್ನೇ ಬೆಳೆ ಮಾಡಿಕೊಂಡ ಕಥೆ, ಅದಕ್ಕೇ ಒಂದು ಅಂಕಣ ಬೇಕು. ಮನೆಗಳ ಮಟ್ಟಿಗೆ ಹೇಳುವುದಾದರೆ, ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ನಮ್ಮಲ್ಲಿ ಹಲವರ ತಂದೆತಾಯಿಯರು ಹಾಕಿಸಿದ್ದಾರೆ, ಕೆಲವರು "ಹಾಕಿಸಲಾ, ನೀನೇ ಹೇಳು" ಎಂದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದಾರೆ.

ಆ ಫೋಟೋದಲ್ಲಿ ಏನು ನೋಡಬೇಕು? ಇಲ್ಲಿ ಪ್ಯಾನೆಲ್ ಯಾರೂ ಹತ್ತದ ಇಳಿಜಾರು ಮಾಡಿನ ಮೇಲಿರುತ್ತದೆ. ಅಲ್ಲಿ ತಾರಸಿಯ ಮೇಲೆ. ಅಮ್ಮ ಸಂಡಿಗೆ ಒಣಗಿಸುವ, ಮಕ್ಕಳು ಗಾಳಿಪಟ ಹಾರಿಸುವ, ನೀರಿನ ಟ್ಯಾಂಕು ತುಂಬಿ ಹರಿಯುವ ಅದೇ ತಾರಸಿ. ಹಾಗಾಗಿ ತಂತಿಗಳು ನೆಲದ ಮೇಲೆ ಹಾವಿನಂತೆ ಮಲಗಿರಬಾರದು, ಪೈಪಿನೊಳಗೆ ಗೋಡೆಗೆ ಅಂಟಿ ಇರಬೇಕು. ಪ್ಲಗ್ಗುಗಳು ನೀರು ನಿಲ್ಲುವ ಜಾಗದಲ್ಲಿ ಬಿದ್ದಿರಬಾರದು, ಫ್ರೇಮಿಗೆ ಕಟ್ಟಿ ಎತ್ತಿರಬೇಕು. ತಂತಿಗೆ ತಂತಿ ಹೊಸೆದು ಇನ್ಸುಲೇಷನ್ ಟೇಪು ಸುತ್ತಿದ್ದು ಕಂಡರೆ, ಎಷ್ಟೇ ನಾಜೂಕಾಗಿ ಸುತ್ತಿರಲಿ, ಹಣ ಕೊಡುವ ಮುಂಚೆ ಬಿಚ್ಚಿಸಿ ಸರಿಮಾಡಿಸಿ. ಕಬ್ಬಿಣದ ಸ್ಟ್ಯಾಂಡಿಗೂ ಪ್ಯಾನೆಲ್ಲಿನ ಅಂಚಿಗೂ ಅರ್ಥಿಂಗ್ ತಂತಿ ಇದೆಯೇ ನೋಡಿ. ಪೆಟ್ಟಿಗೆಯೊಳಗಿನ ಬ್ರೇಕರಿನ ಹತ್ತಿರದ ಫೋಟೋ ಕೇಳಿ, ಅದರ ಮೇಲೆ ಡಿ.ಸಿ. ಎಂದೂ ವೋಲ್ಟೇಜಿನ ಅಂಕಿಯನ್ನೂ ಬರೆದಿರಬೇಕು. ಅಪ್ಪನಿಗೆ ಇದನ್ನೆಲ್ಲ ಹೇಳಿದರೆ "ನೀನು ಅಲ್ಲಿ ಕೂತು ತಪ್ಪು ಹುಡುಕ್ತೀಯ" ಎನ್ನುತ್ತಾರೆ. ಎನ್ನಲಿ ಬಿಡಿ.

ಇನ್ನೊಂದು ನಿರಾಶೆಗೂ ಅವರನ್ನು ಮುಂಚೆಯೇ ಸಿದ್ಧ ಮಾಡಿ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್-ಗ್ರಿಡ್ ವ್ಯವಸ್ಥೆ, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಎಷ್ಟೇ ಬಿಸಿಲಿರಲಿ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಕರೆಂಟು ಹೋಗಿ ಹೊಡೆಯಬಾರದೆಂದು ಇನ್ವರ್ಟರಿಗೆ ಹಾಗೆ ಕಟ್ಟುಪಾಡು. ನಿಂತಿದ್ದು ಇನ್ವರ್ಟರ್ ಮಾತ್ರ, ತಾರಸಿಯ ಪ್ಯಾನೆಲ್ಲುಗಳಲ್ಲ. "ಕರೆಂಟೇ ಇಲ್ಲವಲ್ಲ" ಎಂದು ಆ ಹೊತ್ತಿನಲ್ಲೇ ಯಾರಾದರೂ ಪ್ಯಾನೆಲ್ಲಿನ ತಂತಿ ಎಳೆದು ಗುಡಿಸಲು ಹೋಗುವುದುಂಟು. ಮನೆಗೆಲಸಕ್ಕೆ ಬರುವವರಿಗೂ ತಿಳಿಸಿ ಹೇಳಬೇಕು.

ಇಲ್ಲಿ ನಮ್ಮ ಕಡೆ, 2025ರ ಜುಲೈ 1ರಿಂದ ಮನೆಯ ಬ್ಯಾಟರಿಗೆ ಫೆಡರಲ್ ಸರ್ಕಾರದ ರಿಯಾಯಿತಿ ಶುರುವಾದ ಮೇಲೆ ಗ್ಯಾರೇಜುಗಳಲ್ಲಿ ಒಂದೊಂದು ಬಿಳಿ ಪೆಟ್ಟಿಗೆ ಬಂದು ಕೂರುತ್ತಿದೆ. ಅದು ನಮ್ಮ ಅಕ್ಯುಮುಲೇಟರೇ. ರಾತ್ರಿಯೂ ಆರದ್ದು. ಪ್ಯಾನೆಲ್ಲಿಗೆ ಸೂರ್ಯಾಸ್ತವಾದರೂ ಉಂಟು, ಇದಕ್ಕೆ ಅದೂ ಇಲ್ಲ. ಮನೆಯೊಳಗೆ ಎಲ್ಲಿ ಇಡಬಹುದು, ಮಲಗುವ ಕೋಣೆಯ ಗೋಡೆಗೆ ಯಾಕೆ ಬೇಡ, ಕಾರು ಹಿಂದೆ ತೆಗೆಯುವಾಗ ಅದಕ್ಕೆ ಗುದ್ದದಂತೆ ಏನು ಅಡ್ಡ ಹಾಕಬೇಕು, ಇವೆಲ್ಲ ಸ್ವಲ್ಪ ಉದ್ದದ ಮಾತು. ಸಂಪಾದಕರು ಕೊಟ್ಟ ಪುಟ ಆಗಲೇ ಮುಗಿದಿರುವುದರಿಂದ ಯುಗಾದಿ ಸಂಚಿಕೆಗೆ ಇಟ್ಟುಕೊಳ್ಳುತ್ತೇನೆ. ಅಷ್ಟರೊಳಗೆ ಬ್ಯಾಟರಿ ಹಾಕಿಸುವ ಆಲೋಚನೆ ಇರುವವರು ನಿಮ್ಮ ಇನ್ವರ್ಟರಿನ ಚೀಟಿಯ ಒಂದು ಫೋಟೋ ತೆಗೆದು ಸಂಪಾದಕ ಮಂಡಳಿಗೆ ಕಳಿಸಿಕೊಡಿ, ಉದಾಹರಣೆಗೆ ಬೇಕಾಗುತ್ತದೆ.